ಯುದ್ಧದಾಗ ನೀವು ಯಾರನ್ನ ನಂಬಿ ಮುಂದ ಹೋದ್ರಿ? ಮಾಜಿ ಸೈನಿಕರು ಬರೀರಿ

ಗನ್ನರ್ ಗದಗ:
ಎಲ್ಲಾ ಮಾಜಿ ಸೈನಿಕರಿಗೂ ಜೈ ಹಿಂದ್ ರೀ. ಜುಲೈ 26, ಕಾರ್ಗಿಲ್ ವಿಜಯ ದಿವಸ ಬಂತಂದ್ರ ಶಾಲಿಯೊಳಗ ಭಾಷಣಾ ಮಾಡಾಕ ನಮ್ಮನ್ನ ಕರೀತಾರ, ಮಕ್ಕಳು ಕೇಳೋದು ಒಂದ ಪ್ರಶ್ನೆ, "ಸರ್ ನಿಮಗ ಹೆದರಿಕಿ ಆಗ್ಲಿಲ್ಲೇನ್ರಿ" ಅಂತ. ಆಗ್ತದ್ರಿ, ಎಲ್ಲಾರಿಗೂ ಆಗ್ತದ. ನಾ ಕೇಳಬೇಕಂತಿರೋದು ಬ್ಯಾರೆ. ಹೆದರಿಕಿ ಇದ್ರೂ ಕಾಲು ಮುಂದ ಹೋತಲ್ಲ, ಯಾರನ್ನ ನೋಡಿ ಹೋತು? ನಿಮ್ಮ ಪಲ್ಟನ್‌ನ್ಯಾಗ, ರೆಜಿಮೆಂಟ್‌ನ್ಯಾಗ ಅಂಥವ್ರು ಯಾರಿದ್ರು ಬರೀರಿ. ದೊಡ್ಡ ಹೆಸರಿನವ್ರಾದ್ರೂ ನಡೀತೈತಿ, ಯಾರಿಗೂ ಗೊತ್ತಿಲ್ಲದವ್ರಾದ್ರ ಇನ್ನೂ ಚಲೋ.

ನಂದು ಮೊದಲ ಹೇಳ್ತೀನಿ. 1999ರ ಜೂನ್, ಕಾರ್ಗಿಲ್ ಯುದ್ಧದಾಗ ದ್ರಾಸ್ ಕಡೆ, ನಾ ಬೋಫೋರ್ಸ್ ತೋಪಿನ ಮ್ಯಾಲೆ ಹವಾಲ್ದಾರ್. ಒಂದು 155 ಎಂಎಂ ಗೋಲಾ ಅಂದ್ರ 43 ಕೆಜಿ ತೂಕ, ಊರಾಗ ಅದೇನೂ ಅಲ್ರಿ, ಆದ್ರ ಹತ್ತು ಸಾವಿರ ಅಡಿ ಮ್ಯಾಲೆ ನಾಕು ಗೋಲಾ ಎತ್ತಿದ್ರ ಉಸಿರು ಸಿಗಂಗಿಲ್ಲ, ರಾತ್ರಿ ಹಗಲು ಎತ್ತಬೇಕು, ಕಿವಿ ಗುಂಯ್ ಅಂತಿರ್ತಾವ, ನಿದ್ದಿ ಇಲ್ಲ. ಎದುರಿನ ಗುಡ್ಡದ ತುದಿಗೆ ಶತ್ರುವಿನ ಓಪಿ, ಅಂದ್ರ ಗುರಿ ನೋಡಿ ಫೈರ್ ಮಾಡಿಸೋ ಠಾಣೆ, ಕುಂತಿತ್ತು, ಶ್ರೀನಗರ-ಲೇಹ್ ರಸ್ತಾದ ಮ್ಯಾಲಿನ ನಮ್ಮ ಗಾಡಿ, ನಮ್ಮ ತೋಪು ಎಲ್ಲಾ ಅವ್ರಿಗೆ ಮ್ಯಾಲಿಂದ ನಿಚ್ಚಳ ಕಾಣ್ತಿದ್ವು.

ನಮ್ಮ ಬ್ಯಾಟರಿಯೊಳಗ (ತೋಪಿನ ತಂಡದಾಗ) ಒಬ್ರು ಸೀನಿಯರ್ ಜೆಸಿಒ, ಅಂದ್ರ ಸುಬೇದಾರ್ ದರ್ಜೆಯ ಸಾಹೇಬ್ರಿದ್ರು, ಮಾತು ಭಾಳ ಕಡಿಮಿ. ತೋಪು ಪೊಸಿಷನ್‌ಗೆ ಬಂದ ಕೂಡ್ಲೇ "ಮೊದಲ ತೋಡ್ರಿ" ಅಂದ್ರು. ಎಲ್ಲಾರೂ ದಣಿದಿದ್ವಿ, ಬರೇ ಕಲ್ಲಿನ ನೆಲ, ಗುದ್ದಲಿ ಬಡದ್ರ ಕಿಡಿ ಹಾರ್ತಿದ್ವು, ಸೊಂಟದ ಮಟ ತೋಡಿ ಸಾಕಂದ್ವಿ. ಸಾಹೇಬ್ರು ತಾವ ಒಳಗಿಳಿದು ಕುಂತು "ನನ್ನ ತಲಿ ಕಾಣ್ತೈತೇನು" ಅಂತ ಕೇಳಿದ್ರು. ಕಾಣ್ತಿತ್ತು. "ಹಂಗಾರ ಇನ್ನೂ ತೋಡ್ರಿ" ಅಂದು ಗುದ್ದಲಿ ತಾವ ಇಸಗೊಂಡ್ರು. ಒಳಗೊಳಗ ಬೈಕೊಂತ ತೋಡಿದ್ವಿ. ಮುಂದ ಒಂದಿನ ಸಂಜಿಕ ಆ ಕಡೆಯಿಂದ ಗೋಲಾ ಶುರು ಆದ್ವು, ಒಂದು ನಮ್ಮ ತೋಪಿನ ಬಾಜೂಕ ಬಿತ್ತು, ಮ್ಯಾಲಿನ ಬಲೆ ಹರಿದು ಚೂರಾತು, ಮಣ್ಣಿನ ಚೀಲದ ಗ್ವಾಡಿ ಕುಸೀತು, ತಗ್ಗಿನೊಳಗಿದ್ದ ನಾವೆಲ್ಲಾರೂ ಮೈ ಜಾಡಿಸ್ಕೊಂಡು ಎದ್ದು ಬಂದ್ವಿ. ಹತ್ತು ನಿಮಿಷದಾಗ ಮತ್ತ ಫೈರ್ ಶುರು. ಅವತ್ತಿಂದ ಆ ಸಾಹೇಬ್ರು ಏನಂದ್ರೂ ಯಾರೂ ತಿರುಗಿ ಮಾತಾಡಲಿಲ್ಲ.

ಇನ್ನೊಂದು ಮಾತು, ಇದು ಜನಕ್ಕ ಗೊತ್ತಿಲ್ಲ. ಆ ಎತ್ತರದಾಗ ಗಾಳಿ ತೆಳ್ಳಗಿರ್ತದ, ಗೋಲಾ ಲೆಕ್ಕಕ್ಕಿಂತ ದೂರ ಹೋಗ್ತದ, ಬಯಲು ನಾಡಿನ ಗುರಿ ಲೆಕ್ಕದ ಟೇಬಲ್ ಹಿಡಕೊಂಡು ಹೊಡದ್ರ ಗುರಿ ತಪ್ತದ. ನಮ್ಮ ಇನ್‌ಫೆಂಟ್ರಿ ಹುಡುಗೂರು ಶತ್ರುವಿನ ಬಂಕರ್ ಕೆಳಗ ಬಂಡೆಗಲ್ಲಿಗೆ ಅಂಟಿಕೊಂಡಿರ್ತಿದ್ರು. ಒಂದು ಗೋಲಾ ಹೆಚ್ಚು ಕಡಿಮಿ ಆದ್ರ ಅವ್ರ ಮ್ಯಾಲೇ ಬೀಳೋದು. ಅವ್ರ ಜೋಡಿ ಹತ್ತಿದ ನಮ್ಮ ಓಪಿ ಆಫೀಸರ್ ಎಷ್ಟೋ ಸಲ ತಮ್ಮ ಹತ್ತಿರಕ್ಕೇ ಫೈರ್ ತರಿಸ್ಕೊಳ್ತಿದ್ರು, ರೇಡಿಯೋದಾಗ ಅವ್ರ ದನಿ ಒಂದ ಹದದಾಗ ಇರ್ತಿತ್ತು. ಆ ದನಿ ಕೇಳೇ ನಾವು ಗೋಲಾ ಎತ್ತಿದ್ದು.

ಸ್ಯಾಪರ್ ಹಲಸೂರು:
ಜೈ ಹಿಂದ್ ಸಾಬ್. ತೋಡೋ ವಿಷಯ ಬಂದ್ಮೇಲೆ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್‌ನವನು ಸುಮ್ನೆ ಇರೋಕಾಗುತ್ತಾ. ನೀವು ದ್ರಾಸ್ ಅಂದ್ರಲ್ಲ, ಆ ದಾರಿ 1948ರಲ್ಲಿ ತೆರೆದಿದ್ದೇ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅವರ ಡಿವಿಷನ್. ನಾನು ಹುಟ್ಟೋಕೂ ಮುಂಚಿನ ಮಾತು, ಆದ್ರೆ ಬೆಂಗಳೂರು ಸೆಂಟರ್‌ನಲ್ಲಿ ರಿಕ್ರೂಟ್ ಆಗಿದ್ದಾಗ ಉಸ್ತಾದ್‌ಗಳು ಇದನ್ನ ಹೇಳದೇ ಬಿಡ್ತಿರಲಿಲ್ಲ. ಜೋಜಿಲಾ ಪಾಸ್ ಶತ್ರು ಕೈಲಿತ್ತು, ಲೇಹ್‌ಗೆ ಹೋಗೋ ದಾರಿ ಬಂದ್, ಸೆಪ್ಟೆಂಬರ್‌ನಲ್ಲಿ ಇನ್‌ಫೆಂಟ್ರಿ ಹತ್ತಿ ನೋಡಿ ಆಗಲಿಲ್ಲ, ಚಳಿಗಾಲ ಬಂದ್ಬಿಟ್ರೆ ಆರು ತಿಂಗಳು ಹಿಮ, ಅಷ್ಟೊತ್ತಿಗೆ ಲೇಹ್ ಕೈಬಿಟ್ಟು ಹೋಗ್ತಿತ್ತು. ಆಗ ಅಲ್ಲಿಗೆ ಟ್ಯಾಂಕ್ ತರೋಣ ಅಂತ ತೀರ್ಮಾನ ಆಯ್ತು, ಹನ್ನೊಂದು ಸಾವಿರ ಅಡಿ ಮೇಲೆ! 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಟರೆಟ್ (ಮೇಲಿನ ತೋಪಿನ ಗೂಡು) ಬಿಚ್ಚಿ, ಏನು ಅಂತ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿ, ಶ್ರೀನಗರ ದಾಟಿಸಿ ಬಾಲ್ತಾಲ್‌ಗೆ ತಂದ್ರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಓಡಾಡೋ ದಾರಿ, ಅದನ್ನ ಟ್ಯಾಂಕ್ ಹೋಗೋ ಹಾಗೆ ಅಗಲ ಮಾಡಿದ್ದು ನಮ್ಮ ಸ್ಯಾಪರ್‌ಗಳು, ಗುಂಡು ಹಾರ್ತಾ ಇರೋವಾಗ್ಲೇ.

ನವೆಂಬರ್ 1ಕ್ಕೆ ಟ್ಯಾಂಕ್ ನುಗ್ತು. ಮೊದಲನೇ ಟ್ಯಾಂಕ್‌ನಲ್ಲಿ ಕೂತಿದ್ದು ಮೇಜರ್ ಜನರಲ್ ತಿಮ್ಮಯ್ಯ ಅವರೇ. ಡಿವಿಷನ್ ಕಮಾಂಡರ್! ಬಂಕರ್‌ನಲ್ಲಿದ್ದವ್ರಿಗೆ ಈ ಬೆಟ್ಟದ ಮೇಲೆ ಟ್ಯಾಂಕ್ ಬರುತ್ತೆ ಅನ್ನೋದು ಕನಸಲ್ಲೂ ಇರ್ಲಿಲ್ಲ, ಬಿಟ್ಟು ಓಡಿದ್ರು. ಅದೇ ತಿಂಗಳಲ್ಲಿ ದ್ರಾಸ್, ಆಮೇಲೆ ಕಾರ್ಗಿಲ್ ಎರಡೂ ವಾಪಸ್ ಬಂದವು. ಗನ್ನರ್ ಸಾಬ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ, ಮುಂದೆ ಕೂತವ್ರನ್ನ ನೋಡಿ ಹಿಂದಿನವ್ರು ಹೋಗ್ತಾರೆ.

ಕೆಜಿಎಫ್ ಹವಾಲ್ದಾರ್:
ತಿಮ್ಮಯ್ಯ ಸಾಹೇಬ್ರ ಮೇಲೆ ನನಗೂ ಅಷ್ಟೇ ಗೌರವ ಇದೆ ಅಣ್ಣ, ಆದ್ರೂ ಒಂದು ಮಾತು ಒಪ್ಪಲ್ಲ. ಮುಂದೆ ನಿಲ್ಲೋದು ಕಷ್ಟ ನಿಜ, ಅದಕ್ಕಿಂತ ಕಷ್ಟ ಮೇಲಿನವ್ರಿಗೆ ಆಗಲ್ಲ ಅಂತ ಹೇಳೋದು. ನಾನು 1987ರಲ್ಲಿ ಶ್ರೀಲಂಕಾಗೆ ಶಾಂತಿಪಡೆ ಜೊತೆ ಹೋದವನು. ಶಾಂತಿ ಕಾಪಾಡೋಕೆ ಅಂತ ಹೋದ್ವಿ, ಅಕ್ಟೋಬರ್ ಅಷ್ಟೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ಬೀದಿ ಬೀದಿಲಿ ಯುದ್ಧ. ಜಾಫ್ನಾ ಯೂನಿವರ್ಸಿಟಿ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರ್‌ನಲ್ಲಿ ಇಳಿದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಹೋದ್ರು, ಎದುರಾಳಿಗೆ ಮೊದ್ಲೇ ಸುದ್ದಿ ಗೊತ್ತಿತ್ತು. ಅಂಥಾ ದಿನಗಳು ಅವು.

ನಮ್ಮ ಕಂಪನಿ ಕಮಾಂಡರ್ ಒಬ್ಬ ಮೇಜರ್, ವಯಸ್ಸು ಮೂವತ್ತರ ಆಸುಪಾಸು. ಒಂದು ಊರಿಗೆ ಬೇಗ ತಲುಪಿ ಅಂತ ಆರ್ಡರ್ ಬಂತು, ರಸ್ತೆ ನೆಟ್ಟಗಿತ್ತು, ಎರಡೂ ಕಡೆ ತಾಳೆ ಮರ. ಸಾಹೇಬ್ರು ರಸ್ತೆ ಬೇಡ, ತೋಟದೊಳಗೆ ಬೇಲಿ ಹಾರಿ ನಡೀರಿ ಅಂದ್ರು. ಒಂದು ಗಂಟೆ ದಾರಿಗೆ ಅರ್ಧ ದಿನ ಹಿಡೀತು. ರೇಡಿಯೋದಲ್ಲಿ ಮೇಲಿಂದ ಒಂದೇ ಸಮ ಬೈಗುಳ, ಎಲ್ಲಿದ್ದೀರಿ ಯಾಕೆ ಲೇಟು ಅಂತ. ಅವರು ಪ್ರತಿ ಸಲವೂ "ಲೇಟ್ ನನ್ನ ಜವಾಬ್ದಾರಿ, ನನ್ನ ಹೆಸರಲ್ಲಿ ಬರ್ಕೊಳ್ಳಿ" ಅಂತಿದ್ರು. ಆಮೇಲೆ ಎಂಜಿನಿಯರ್‌ಗಳು ಬಂದು ಆ ರಸ್ತೆ ಮೋರಿ ಕೆಳಗಿಂದ ಮೈನ್ ತೆಗೆದ್ರು. ನಾನು ಕೆಜಿಎಫ್‌ನವನು, ತಮಿಳು ಬರುತ್ತೆ, ಅದಕ್ಕೆ ನನ್ನನ್ನ ಯಾವಾಗ್ಲೂ ಪಕ್ಕದಲ್ಲೇ ಇಟ್ಕೊಳ್ತಿದ್ರು, ಮನೆ ತಪಾಸಣೆಗೆ ಹೋದಾಗ ಮೊದಲು ಬಾಗಿಲಲ್ಲಿ ನಿಂತು "ಅಮ್ಮಾ ಮಕ್ಕಳು ಎಲ್ಲಿದ್ದಾರೆ, ಆಚೆ ಕೂರಿಸಿ" ಅಂತ ಕೇಳಬೇಕು, ಆಮೇಲೇ ಬೂಟು ಒಳಗೆ ಇಡಬೇಕು. ನಮ್ಮ ಸೈನಿಕರು ಸುಮಾರು 1,200 ಜನ ಅಲ್ಲಿಂದ ವಾಪಸ್ ಬರ್ಲಿಲ್ಲ. ಊರಲ್ಲಿ ಈಗ್ಲೂ ಎಷ್ಟೋ ಜನಕ್ಕೆ ನಾವು ಅಲ್ಲಿಗೆ ಯಾಕೆ ಹೋಗಿದ್ವಿ ಅಂತಾನೇ ಗೊತ್ತಿಲ್ಲ, ಇದು ನನಗೆ ತುಂಬಾ ನೋವು ಕೊಡೋ ವಿಷಯ.

ಸ್ಯಾಪರ್ ಹಲಸೂರು:
ಹವಾಲ್ದಾರ್ ಸಾಬ್, ನಿಮ್ಮ ಮೇಜರ್ ಸಾಹೇಬ್ರಿಗೆ ನನ್ನದೊಂದು ಸೆಲ್ಯೂಟ್. ಮೋರಿ ವಿಷಯ ನೂರಕ್ಕೆ ನೂರು ಸರಿ. ಮೈನ್ ತೆಗೆಯೋದು ನಮ್ಮ ಕೆಲಸ, ಟೈಮ್ ಇಲ್ಲ ಅಂತ ನಮ್ಮನ್ನ ಹಿಂದೆ ಬಿಟ್ಟು ಗಾಡಿ ಓಡಿಸ್ದಾಗ ಏನಾಗುತ್ತೆ ಅಂತ ನಾವೂ ನೋಡಿದ್ದೀವಿ.

ಜಂಗಿ ಪಲ್ಟನ್ ಚಿಕ್ಕೋಡಿ:
ನಮಸ್ಕಾರ. ನಾನು ಮೊಮ್ಮಗ ಟೈಪ್ ಮಾಡಾಕತ್ತೀನಿ, ಅಜ್ಜ ಪಕ್ಕದಾಗ ಕುಂತು ಹೇಳಾಕತ್ತಾರ. ಅಜ್ಜ 1 ಮರಾಠಾ ಲೈಟ್ ಇನ್‌ಫೆಂಟ್ರಿ, ಬೆಳಗಾವಿ ಸೆಂಟರ್‌ನ್ಯಾಗ ಭರ್ತಿ ಆದವ್ರು, 1971ರ ಯುದ್ಧದಾಗ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಾಗ ಇದ್ರು. ಅವ್ರು ಹೇಳಿದ್ದು ಹಂಗ ಬರೀತೀನಿ.

"ಮೇಘಾಲಯ ಕಡೆಯಿಂದ ಇಳಿದ್ವಿ. ನಮ್ಮದು 95 ಮೌಂಟನ್ ಬ್ರಿಗೇಡ್, ಕ್ಲೇರ್ ಸಾಹೇಬ್ರು ಬ್ರಿಗೇಡಿಯರ್, ಪಲ್ಟನ್‌ಗೆ ಸಿಒ, ಅಂದ್ರ ಮುಖ್ಯ ಅಧಿಕಾರಿ, ಬ್ರಾರ್ ಸಾಹೇಬ್ರು. ಜಮಾಲ್‌ಪುರದಾಗ ಪಾಕಿಸ್ತಾನದ 31 ಬಲೂಚ್ ಗಟ್ಟಿಯಾಗಿ ಕುಂತಿತ್ತು. ಎದುರಿನಿಂದ ಹೋದ್ರ ಸಾಯೋದಂತ ಗೊತ್ತಿತ್ತು. ಅದಕ್ಕ ಬ್ರಹ್ಮಪುತ್ರಾ ದಾಟಿ, ಊರು ಸುತ್ತು ಹಾಕಿ ಹಿಂದ ಹೋಗಿ, ಟಾಂಗೈಲ್ ಕಡೆ ಹೋಗೋ ರಸ್ತಾಕ್ಕ ಅಡ್ಡ ಕುಂತ್ವಿ. ಬಂಗಾಲಿ ಮಂದಿ ಭಾಳ ಸಹಾಯ ಮಾಡಿದ್ರು, ದಾರಿ ತೋರಿಸಿದ್ರು, ಸಾಮಾನು ಹೊತ್ರು. ಬ್ರಿಗೇಡಿಯರ್ ಸಾಹೇಬ್ರು ಶರಣಾಗ್ರಿ ಅಂತ ಒಂದು ಚೀಟಿ ಕಳಿಸಿದ್ರು, ಒಬ್ಬ ಮುದುಕ ತಗೊಂಡು ಹೋಗಿದ್ದ. ಅತ್ಲಾಗಿಂದ ಅವ್ರ ಕರ್ನಲ್ ಜವಾಬು ಕೊಟ್ಟಿದ್ದ, ಕಾಗದದಾಗ ಒಂದು ಬುಲೆಟ್ ಸುತ್ತಿ. ಪೆನ್ನು ಬಿಟ್ಟು ಸ್ಟೆನ್ ಗನ್ ಹಿಡಕೊಂಡು ಬರ್ರಿ ಅಂತ ಬರೆದಿದ್ದ. ಮುದುಕನ್ನ ಮಾತ್ರ ಜೀವಂತ ಕಳಿಸಿದ.

ಡಿಸೆಂಬರ್ 10ರ ರಾತ್ರಿ ಅವ್ರು ಊರು ಬಿಟ್ಟು ಅದೇ ರಸ್ತಾದಾಗ ನಮ್ಮ ಮ್ಯಾಲೆ ಬಂದ್ರು. ಕತ್ತಲಿ. ಅವ್ರ ಮಾತು ಕೇಳಸಾಕತ್ತಿತ್ತು, ಅಷ್ಟು ಹತ್ರ. ನಮಗ ಹುಕುಂ ಇತ್ತು, ಹೇಳೋ ಮಟ ಒಂದು ಗುಂಡೂ ಹಾರಸಬಾರದು. ನನ್ನ ಸೆಕ್ಷನ್ ಕಮಾಂಡರ್ ಒಬ್ಬ ನಾಯಕ್, ಅಥಣಿ ಕಡೆಯವ. ಪ್ರತಿಯೊಬ್ಬನ ಟ್ರೆಂಚಿಗೆ ಹೊಟ್ಟಿ ಮ್ಯಾಲೆ ತೆವಳಿಕೊಂಡು ಬಂದು ಬೆನ್ನ ಮ್ಯಾಲೆ ಕೈ ಇಟ್ಟು ಹೋದ. ಮಾತಿಲ್ಲ. ಆ ಕೈ ಬಿಸಿ ಇತ್ತು, ನನ್ನ ಕೈ ನಡಗೋದು ನಿಂತಿತು. ಆಮ್ಯಾಲೆ ಫೈರ್ ಅಂದ್ರು. ಮುಂಜಾನಿ ತನಕ ನಡೀತು, ಅವ್ರು ಸಲ ಸಲಕ್ಕೂ ತಿರುಗಿ ಬಂದ್ರು, ಹೇಡಿಗಳಲ್ಲ ಅವ್ರು, ಅದನ್ನ ಹೇಳಾಕ ಬೇಕು. ಬೆಳಕಾದ ಮ್ಯಾಲೆ ನೋಡಿದ್ರ ಇನ್ನೂರಕ್ಕೂ ಹೆಚ್ಚು ಹೆಣ. ನಮ್ಮವ್ರೂ ಹೋದ್ರು. ಮುಂದ ಪೂಂಗ್ಲಿ ಸೇತುವೆ ಹತ್ರ ಪ್ಯಾರಾಶೂಟ್‌ನಿಂದ ಇಳಿದ 2 ಪ್ಯಾರಾದವ್ರನ್ನ ಕೂಡಿಕೊಂಡ್ವಿ, ಅವ್ರೂ ಮೂಲ ಮರಾಠಾ ಪಲ್ಟನ್ನೇ. ಆಮ್ಯಾಲೆ ಢಾಕಾ."

ಅಜ್ಜ ಈಗ ಸ್ವಲ್ಪ ಹೊತ್ತು ಸುಮ್ಮನಾಗ್ಯಾರ. ಉಳಿದದ್ದು ಆಮ್ಯಾಲೆ ಬರೀತೀನಿ.

ಹಾವೇರಿ ಹುಡುಗ:
ಸರ್ ಓದಿ ಮೈ ಜುಮ್ ಅಂತು. ನಾನು ಅಗ್ನಿವೀರ್ ರ‍್ಯಾಲಿಗೆ ತಯಾರಿ ನಡಸೀನಿ, ದಿನಾ ಮುಂಜಾನಿ ಓಡ್ತೀನಿ. ಒಂದು ಪ್ರಶ್ನೆ, ಲೀಡರ್‌ಶಿಪ್ ಅನ್ನೋದು ಟ್ರೇನಿಂಗ್‌ನಾಗ ಕಲಸ್ತಾರೇನ್ರಿ, ಇಲ್ಲಾ ಹುಟ್ಟಿನಿಂದ ಬರ್ತದೇನ್ರಿ?

ವಿಜಯಪುರ ಸೈನಿಕ ಶಾಲೆ ಹಳೆ ವಿದ್ಯಾರ್ಥಿ:
ತಮ್ಮಾ, ಕಲಿಯೋದೇ ಜಾಸ್ತಿ. ದಾವಣಗೆರೆಯ ಕರ್ನಲ್ ಎಂ.ಬಿ. ರವೀಂದ್ರನಾಥ್ ಅವರ ಬಗ್ಗೆ ಓದಿಕೋ. ಕಾರ್ಗಿಲ್‌ನಲ್ಲಿ 2 ರಾಜಪುತಾನಾ ರೈಫಲ್ಸ್‌ಗೆ ಸಿಒ ಆಗಿದ್ದವರು. ತೋಲೋಲಿಂಗ್ ಬೆಟ್ಟ ದ್ರಾಸ್ ನೆತ್ತಿ ಮೇಲೇ ಇದೆ, ಅದು ಶತ್ರು ಕೈಲಿ ಇರೋ ತನಕ ಹೈವೇ ನಮ್ಮದಲ್ಲ. ಮೊದಲು 18 ಗ್ರೆನೇಡಿಯರ್ಸ್ ವಾರಗಟ್ಟಲೆ ಅಲ್ಲಿ ಬಡಿದಾಡಿದ್ರು, ಮೇಜರ್ ರಾಜೇಶ್ ಅಧಿಕಾರಿ ಹೋದ್ರು, ಅವರ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಹೋದ್ರು, ಆದ್ರೂ ಬಂಡೆ ಮರೆಯಲ್ಲಿ ಜಾಗ ಬಿಡದೆ ಹಿಡ್ಕೊಂಡು ಕೂತಿದ್ರು. ಆಮೇಲೆ ಇವರ ಪಲ್ಟನ್‌ಗೆ ಕೆಲಸ ಬಂತು. ಆಗ ದೆಹಲಿಯಿಂದ ದ್ರಾಸ್ ತನಕ ಎಲ್ಲರಿಗೂ ಅವಸರ, ದೇಶವೆಲ್ಲಾ ಟಿವಿ ಮುಂದೆ ಕೂತಿತ್ತು. ರವೀಂದ್ರನಾಥ್ ಅವಸರ ಮಾಡಲಿಲ್ಲ, ಬೆಟ್ಟ ನೋಡಿ, ದಾರಿ ನೋಡಿ, ಹುಡುಗರ ಬಂದೂಕು ಆ ಎತ್ತರದಲ್ಲಿ ಸರಿಯಾಗಿ ಹೊಡೆಯುತ್ತಾ ಅಂತ ಪರೀಕ್ಷೆ ಮಾಡಿಸಿ, ತಯಾರಿ ಆದ್ಮೇಲೇ ಹತ್ತಿಸಿದ್ರು. ಜೂನ್ 12ರ ರಾತ್ರಿ ಶುರುವಾಗಿ 13ರ ಬೆಳಗ್ಗೆ ಹೊತ್ತಿಗೆ ತೋಲೋಲಿಂಗ್ ನಮ್ಮದು. ಮೇಜರ್ ವಿವೇಕ್ ಗುಪ್ತಾ ಅಲ್ಲೇ ವೀರಮರಣ. ಎರಡು ವಾರಕ್ಕೆ ತ್ರೀ ಪಿಂಪಲ್ಸ್‌ಗೆ ಅದೇ ಪಲ್ಟನ್ ಮತ್ತೆ ಹತ್ತಿತು, ಅಲ್ಲಿ ಮೇಜರ್ ಆಚಾರ್ಯ, ಕ್ಯಾಪ್ಟನ್ ಕೆಂಗುರುಸೆ, ಕ್ಯಾಪ್ಟನ್ ವಿಜಯಂತ್ ಥಾಪರ್ ಹೋದ್ರು. ಒಂದೇ ಪಲ್ಟನ್, ಒಂದೇ ತಿಂಗಳು, ನಾಲ್ಕು ಜನ ಯುವ ಆಫೀಸರ್‌ಗಳು, ಅವರ ಜೊತೆ ಎಷ್ಟೋ ಜವಾನರು. ಅಷ್ಟು ಕಳೆದುಕೊಂಡ ಮೇಲೂ ಉಳಿದವರನ್ನ ಒಟ್ಟಿಗೆ ಹಿಡಿದಿಟ್ಟುಕೊಂಡಿದ್ದೇ ಸಿಒ ಕೆಲಸದಲ್ಲಿ ಕಠಿಣವಾದದ್ದು ಅಂತ ನನ್ನ ಅಭಿಪ್ರಾಯ. ಅವರಿಗೆ ವೀರಚಕ್ರ ಬಂತು. 2018ರಲ್ಲಿ ಬೆಂಗಳೂರಲ್ಲಿ ತೀರಿಕೊಂಡ್ರು. ನಮ್ಮ ರಾಜ್ಯದ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು ಹೇಳಿ?

ಗನ್ನರ್ ಗದಗ:
ಆ ತೋಲೋಲಿಂಗ್ ರಾತ್ರಿ ತೋಪು ತಣ್ಣಗಾಗಾಕ ಬಿಡಲಿಲ್ರಿ. ಮುಂಜಾನಿ ರೇಡಿಯೋದಾಗ ಮ್ಯಾಲೆ ಮುಟ್ಟಿದ್ರು ಅಂತ ಕೇಳಿದಾಗ ನಮ್ಮ ಹುಡುಗೂರು ಖಾಲಿ ಪೆಟ್ಟಿಗಿ ಮ್ಯಾಲೆ ಕುಂತು ಅತ್ರು. ದಾವಣಗೆರಿಯವ್ರು ಅಂತ ನನಗ ಆಗ ಗೊತ್ತಿರಲಿಲ್ಲ.

ಮಡಿಕೇರಿ ವಾಯುಸೇನೆ:
ಕೊಡಗಿನ ಕಡೆಯಿಂದ ಎರಡು ಮಾತು. ಮಡಿಕೇರಿಗೆ ಬಂದವರು ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆ ಮುಂದೆ ಫೋಟೋ ತೆಗೆಸ್ಕೊಳ್ತಾರೆ, ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ಮ್ಯೂಸಿಯಂ ಆಗಿದೆ, ಅದನ್ನೂ ನೋಡ್ತಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ಹತ್ತಿರ ನಿಂತು ಯಾರು ಇವರು ಅಂತ ಕೇಳೋರು ಕಡಿಮೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ. ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ, ಹೋಗಲೇಬೇಕು ಅಂತ ಇರಲಿಲ್ಲ, ಗುಂಪಿನ ಒಂದು ವಿಮಾನ ಹಿಂದೆ ಸರಿದಾಗ ಜಾಗ ತುಂಬಿದ್ರು. ವಾಪಸ್ ಬರುವಾಗ ಅವರ ಮಿಸ್ಟೇರ್ ವಿಮಾನಕ್ಕೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಬೆನ್ನು ಹತ್ತಿತು, ವೇಗದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ, ಆದರೂ ಏಟು ತಿಂದ ವಿಮಾನದಲ್ಲೇ ತಿರುಗಿ ಕಾದಾಡಿ ಆ ಸ್ಟಾರ್‌ಫೈಟರನ್ನ ಕೆಡವಿದ್ರು. ತಾವು ವಾಪಸ್ ಬರಲಿಲ್ಲ, ನಮ್ಮ ಕಡೆಯವರು ಯಾರೂ ಅದನ್ನ ನೋಡಿರಲಿಲ್ಲ. ವರ್ಷಗಳಾದ ಮೇಲೆ ವಿದೇಶಿ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದಾಗ ಗೊತ್ತಾಯ್ತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ತಡವಾಗಿ. ಆ ಮನೆಯವರು ಅಷ್ಟು ವರ್ಷ ಹೇಗೆ ಕಾದಿರಬೇಕು ಅಂತ ಯೋಚನೆ ಮಾಡಿದ್ರೆ ಸಂಕಟ ಆಗುತ್ತೆ.

ಇನ್ನೊಂದು ಕಾರ್ಯಪ್ಪನವರದ್ದು. ಅದೇ ಯುದ್ಧದ ಕೊನೇ ದಿನಗಳಲ್ಲಿ ಅವರ ಮಗ, ವಾಯುಸೇನೆ ಪೈಲಟ್, ಪಾಕಿಸ್ತಾನದಲ್ಲಿ ಸೆರೆ ಸಿಕ್ರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು, ಮಗನಿಗೆ ಏನಾದ್ರೂ ಅನುಕೂಲ ಮಾಡಿಕೊಡ್ತೀವಿ ಅನ್ನೋ ಮಾತು ಬಂತು. ಅಲ್ಲಿರೋ ಎಲ್ಲಾ ಕೈದಿಗಳೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಅಂದ್ರು ಕಾರ್ಯಪ್ಪ. ಆಗ ಅವರು ನಿವೃತ್ತರು, ಕೈಯಲ್ಲಿ ಯಾವ ಕಮಾಂಡೂ ಇಲ್ಲ. ಹವಾಲ್ದಾರ್ ಸಾಬ್ ಹೇಳಿದ "ಆಗಲ್ಲ ಅಂತ ಹೇಳೋದು" ಇದರಲ್ಲೂ ಇದೆ ಅನ್ಸುತ್ತೆ ನನಗೆ.

ಫೌಜಿ ಮನೆಯವ್ರು ಧಾರವಾಡ:
ನಾ ಸೈನಿಕಳಲ್ಲ, ನಮ್ಮ ಯಜಮಾನ್ರು ಕಾರ್ಗಿಲ್‌ನ್ಯಾಗ ಇದ್ರು, ದೇವ್ರ ದಯದಿಂದ ವಾಪಸ್ ಬಂದ್ರು. ಗಂಡಸ್ರೆಲ್ಲಾ ಗುಡ್ಡದ ಮ್ಯಾಲಿನ ಮಾತು ಹೇಳೀರಿ, ನಾ ಕೆಳಗಿನ ಮಾತು ಹೇಳ್ತೀನ್ರಿ. ನಾವಾಗ ಫ್ಯಾಮಿಲಿ ಕ್ವಾರ್ಟರ್ಸ್‌ನ್ಯಾಗ ಇದ್ವಿ, ನನಗ ಹಿಂದಿ ಅರ್ಧಂಬರ್ಧ, ಎರಡು ಸಣ್ಣ ಮಕ್ಕಳು. ಗೇಟಿನ್ಯಾಗ ಜೀಪು ಬಂದ್ರ ಸಾಕು, ಎಲ್ಲಾ ಮನಿ ಬಾಗಿಲಾ ತೆಗೀತಿದ್ವು, ಜೀಪು ಯಾರ ಮನಿ ಮುಂದ ನಿಲ್ತೈತಿ ಅಂತ. ಯೂನಿಟ್‌ನ ಹಿಂದ ಉಳಿದಿದ್ದ ಸುಬೇದಾರ್ ಸಾಹೇಬ್ರು ಅದನ್ನ ನೋಡಿ ಮರುದಿನದಿಂದ ರಾಶನ್ ತರೋದಕ್ಕಾಗ್ಲಿ, ಟಪಾಲು ಕೊಡೋದಕ್ಕಾಗ್ಲಿ ಜೀಪು ತರಲೇ ಇಲ್ಲ, ಸೈಕಲ್ ಮ್ಯಾಲೆ ಬರ್ತಿದ್ರು. ಅವ್ರಿಗೆ ಯಾರೂ ಹಂಗ ಮಾಡ್ರಿ ಅಂತ ಹೇಳಿರಲಿಲ್ಲ. ಸಿಒ ಅವ್ರ ಮನೆಯವ್ರು ದಿನಾ ಸಂಜಿಕ ಎಲ್ಲಾ ಹೆಣ್ಮಕ್ಕಳನ್ನ ಕೂಡಿಸಿ ಕುಂಡ್ರತಿದ್ರು, ಓದಾಕ ಬರದವ್ರಿಗೆ 56 ಎಪಿಒ (ಸೇನಾ ಅಂಚೆ) ಮುದ್ರಿ ಬಿದ್ದ ಇನ್‌ಲ್ಯಾಂಡ್ ಲೆಟರ್ ಓದಿ ಹೇಳ್ತಿದ್ರು, ಜವಾಬು ಬರೆದು ಕೊಡ್ತಿದ್ರು. ಅವ್ರ ಗಂಡನೂ ಮ್ಯಾಲೇ ಇದ್ರಲ್ರಿ. ನಮ್ಮ ಮುಂದ ಒಂದಿನಾನೂ ಕಣ್ಣೀರು ಹಾಕಲಿಲ್ಲ.

ಜಂಗಿ ಪಲ್ಟನ್ ಚಿಕ್ಕೋಡಿ:
ಧಾರವಾಡದ ಅಕ್ಕಾರ ಮಾತು ಓದಿ ಹೇಳಿದೆ, ಅಜ್ಜ ಇದನ್ನ ಬರೀ ಅಂದ್ರು. "ನಮ್ಮ ಕಾಲದಾಗ ಹೆಣ ಮನಿಗೆ ಬರ್ತಿರಲಿಲ್ಲವಾ ತಂಗಿ. ಕಾರ್ಗಿಲ್‌ನ್ಯಾಗ ಪೆಟ್ಟಿಗಿಯೊಳಗ ಊರಿಗೆ ತಂದ್ರು, ಊರೆಲ್ಲಾ ಕೂಡಿ ಮಣ್ಣು ಮಾಡ್ತು. ನಮ್ಮವ್ರನ್ನ ನಾವು ಬಂಗಾಲದಾಗ ಅಲ್ಲೇ ಸುಟ್ವಿ. ಮನಿಗೆ ಹೋಗಿದ್ದು ತಾರು ಒಂದ. ನನ್ನ ಆ ಸೆಕ್ಷನ್ ಕಮಾಂಡರ್ ಮುಂದ ಢಾಕಾ ಹಾದಿಯೊಳಗ ಹೋದ. ರಜಾ ಸಿಕ್ಕಾಗ ಅಥಣಿ ಕಡೆ ಅವನ ಊರಿಗೆ ಹೋದೆ, ಅವ್ವ ನನ್ನ ಕೈ ಹಿಡಕೊಂಡು ಒಂದ ಕೇಳಿದ್ಲು, ಬೆಂಕಿ ಕೊಟ್ಟವ್ರು ಯಾರಂತ. ನಮ್ಮ ಸುಬೇದಾರ್ ಸಾಹೇಬ್ರು, ನಾವೆಲ್ಲಾ ಇದ್ವಿ ಅವ್ವಾ ಅಂದೆ. ಅಷ್ಟು ಕೇಳಿ ಒಳಗ ಹೋಗಿ ರೊಟ್ಟಿ ಮಾಡಿ ಹಾಕಿದ್ಲು."

ಹಾವೇರಿ ಹುಡುಗ:
ಅಜ್ಜಾರಿಗೆ ನನ್ನ ನಮಸ್ಕಾರ ಹೇಳ್ರಿ. ಒಂದು ಕೇಳ್ಲಿ? ಆ ಬಲೂಚ್ ಪಲ್ಟನ್‌ದಾಗ ಗಾಯ ಆದವ್ರನ್ನ ಏನು ಮಾಡಿದ್ರಿ?

ಜಂಗಿ ಪಲ್ಟನ್ ಚಿಕ್ಕೋಡಿ:
ಅಜ್ಜ ಹೇಳಿದ್ರು: "ನೀರು ಕೊಟ್ವಿ, ಪಟ್ಟಿ ಕಟ್ಟಿದ್ವಿ, ಹಿಂದ ಕಳಿಸಿದ್ವಿ. ನಮ್ಮ ಸಾಹೇಬ್ರು ಬಂದು ನಿಂತು ನೋಡಿದ್ರು, ಯಾರೂ ಕೈ ಮಾಡಬಾರದು ಅಂತ. ನಮ್ಮ ಗೆಳೆಯಾರು ರಾತ್ರಿ ಹೋಗಿದ್ರು, ಸಿಟ್ಟು ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಸಾಹೇಬ್ರು ನಿಂತಿದ್ರು."

ಕೆಜಿಎಫ್ ಹವಾಲ್ದಾರ್:
ಗನ್ನರ್ ಸಾಬ್, ನೀವು ಕೇಳಿದ ಪ್ರಶ್ನೆಗೆ ಅಜ್ಜ ಕೊಟ್ಟಿರೋ ಈ ಉತ್ತರ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸ್ತು. ಗೆದ್ದ ಬೆಳಗ್ಗೆ ಹುಡುಗರ ಕೈ ಹಿಡಿಯೋದು. ಶ್ರೀಲಂಕಾದಲ್ಲಿ ನಾನು ಅದನ್ನ ನೋಡಿದ್ದೀನಿ, ಅದು ಇಲ್ಲದ ಕಡೆ ಏನಾಗುತ್ತೆ ಅಂತಾನೂ ಕೇಳಿದ್ದೀನಿ.

ಗನ್ನರ್ ಗದಗ:
ಹೌದ್ರಿ, ಒಪ್ಪಿದೆ. ಚಿಕ್ಕೋಡಿ ತಮ್ಮಾ, ಅಜ್ಜಾರು ಹೇಳೋದನ್ನ ಟೈಪ್ ಮಾಡೋದಷ್ಟ ಸಾಲಂಗಿಲ್ಲ, ಅವ್ರ ದನಿಯೊಳಗ ರೆಕಾರ್ಡ್ ಮಾಡಿ ಇಡು. 71ನೇ ಇಸವಿಯವ್ರು ಈಗ ಎಲ್ಲಾರೂ ಎಪ್ಪತ್ತು ದಾಟ್ಯಾರ, ನಮ್ಮ ತಾಲೂಕಿನ್ಯಾಗ ಕೈ ಬೆರಳಿನ ಮ್ಯಾಲೆ ಎಣಸುವಷ್ಟು ಮಂದಿ ಉಳದಾರ. ಡಿಸೆಂಬರ್ 16ರ ವಿಜಯ ದಿವಸದ ಒಳಗ ನಾ ಚಿಕ್ಕೋಡಿಗೆ ಬರ್ತೀನಿ, ನನ್ನ ಮಗನ ಕಡೆ ಒಳ್ಳೆ ಮೈಕ್ ಐತಿ. ಅಥಣಿ, ಸಂಕೇಶ್ವರ, ನಿಪ್ಪಾಣಿ ಕಡೆ ಇನ್ನೂ ಯಾರಾದ್ರೂ 71ನೇ ಇಸವಿಯ ಮರಾಠಾ, ಎಂಜಿನಿಯರ್, ತೋಪಖಾನೆಯವ್ರು ಇದ್ರ ಮನಿಯವ್ರು ಇಲ್ಲೇ ಕೆಳಗ ತಿಳಿಸ್ರಿ, ಎರಡು ದಿನ ಉಳಕೊಂಡು ಎಲ್ಲಾರ ಮನಿಗೂ ಹೋಗಿ ಬರೋಣು.

ಜಂಗಿ ಪಲ್ಟನ್ ಚಿಕ್ಕೋಡಿ:
ಬರ್ರಿ ಅಂಕಲ್. ಅಜ್ಜಗ ಮುಂಜಾನಿ ಹತ್ತರ ಒಳಗ ಚಲೋ ಇರ್ತದ, ಆಗ ಮಾತಾಡ್ತಾರ. ಸಂಕೇಶ್ವರದಾಗ ಅಜ್ಜನ ಪಲ್ಟನ್ನಿನವ್ರೇ ಒಬ್ರು ಅದಾರಂತ, ಈ ರವಿವಾರ ಹೋಗಿ ಕೇಳಿ ಬರ್ತೀನಿ.